ಹಿಡಿಕೆ ಮುರಿದ ಕಪ್ಪುಗಳ ವಾರಸುದಾರರು

ನಮ್ಮ ಚಾದ ಕಪ್ಪುಗಳನ್ನು ಶಾಲೆಯ ಮ್ಯೂಸಿಯಮ್ಮಿನಲ್ಲಿ ಇಟ್ಟ ಮರುದಿನ ನನ್ನ ಗಂಡ ಆದಪ್ಪನಿಗೆ ತಲೆನೋವು ಬಂತು. ಅವನೊಬ್ಬನಿಗೇ ಅಲ್ಲ, ನಮ್ಮ ಕೇರಿಯ ಗಂಡಸರಿಗೆಲ್ಲ ಬಂತು. ಬೆಳಿಗ್ಗೆ ಒಂದು ಗುಟುಕು ಚಾ ಬೀಳದಿದ್ದರೆ ಅವರ ತಲೆ ಅವರ ಮಾತು ಕೇಳುವುದಿಲ್ಲ. ಹಾರೆ ಹಿಡಿದ ಕೈ ನಡುಗುತ್ತದೆ. ಸಂಜೆ ಮನೆಗೆ ಬಂದು ಹೆಂಡರ ಮೇಲೆ ಹರಿಹಾಯುತ್ತಾರೆ. ಸರಕಾರ ಇತಿಹಾಸ ಉಳಿಸಲು ಹೋಗಿ ನಮ್ಮ ಸಂಸಾರಕ್ಕೆ ಬೆಂಕಿ ಇಟ್ಟಿತು.

ನಗಬೇಡಿ. ಮೊದಲಿಂದ ಹೇಳುತ್ತೇನೆ.

ನನ್ನ ಹೆಸರು ಹುಸೇನಮ್ಮ. ನಮ್ಮೂರು ಮಸ್ಕಿ ಮತ್ತು ಲಿಂಗಸೂಗೂರಿನ ನಡುವೆ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ನಮ್ಮದು ಮಾದಿಗರ ಕೇರಿ. ಊರ ಶಾಲೆಯ ಕಸ ಗುಡಿಸುವುದು ನನ್ನ ಕೆಲಸವಾಗಿತ್ತು. ಮಕ್ಕಳು ಬರುವ ಮುಂಚೆ ಗುಡಿಸುತ್ತಿದ್ದೆ, ಮಕ್ಕಳು ಹೋದ ಮೇಲೆ ಮತ್ತೆ ಗುಡಿಸುತ್ತಿದ್ದೆ. ಪಡಸಾಲೆಯಲ್ಲಿ ಇಟ್ಟ ನೀರಿನ ಗಡಿಗೆಯ ಹತ್ತಿರ ಮಾತ್ರ ಹೋಗುವಂತಿರಲಿಲ್ಲ. ಹಾಗಾಗಿ ಗಡಿಗೆಯ ಸುತ್ತಲಿನ ಕಸ ವರ್ಷಗಟ್ಟಲೆ ಅಲ್ಲೇ ಬಿದ್ದಿತ್ತು. ಸೊಂಟ ಬಗ್ಗಿಸಿ ಬಗ್ಗಿಸಿ ನನ್ನ ಬೆನ್ನು ನೇರ ನಿಲ್ಲುವುದನ್ನೇ ಮರೆತಿತ್ತು. ಹೆಡ್ ಮಾಸ್ತರ ಶಿವಶರಣಪ್ಪನವರು ಈ ವರ್ಷ ನಿನ್ನನ್ನು ಕಾಯಂ ಮಾಡಿಸುತ್ತೇನೆ, ಮುಂದಿನ ವರ್ಷ ಮಾಡಿಸುತ್ತೇನೆ ಎನ್ನುತ್ತಿದ್ದರು. ಕಾಯಂ ಆದರೆ ಮಗಳು ಹುಲಿಗೆಮ್ಮನನ್ನು ಲಿಂಗಸೂಗೂರಿನ ಹೈಸ್ಕೂಲಿಗೆ ಕಳಿಸಬಹುದು. ಆ ಆಸೆಗೆ ನಾನು ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದೆ.

ಮಾಸ್ತರರು ಕೆಟ್ಟವರಲ್ಲ. ಜಗಳ ಎಂದರೆ ಅವರಿಗೆ ಹೊಟ್ಟೆನೋವು ಬರುತ್ತಿತ್ತು, ಅಷ್ಟೇ. ಆ ಊರಿನಲ್ಲಿ ಜಗಳ ಆಗಬಾರದು ಎಂದರೆ ನಾವು ಸುಮ್ಮನಿರಬೇಕು. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇನ್ನು ಕಪ್ಪಿನ ವಿಷಯ. ಊರಲ್ಲಿ ಇದ್ದದ್ದು ಒಂದೇ ಹೋಟೆಲು, ಕರಿಬಸಪ್ಪನದು. ಒಳಗೆ ಬೆಂಚು, ಗಾಜಿನ ಗ್ಲಾಸು, ಬಸಿ. ಹೊರಗಿನ ಗೋಡೆಯಲ್ಲಿ ಒಂದು ಗೂಡು. ಆ ಗೂಡಿನಲ್ಲಿ ಪಿಂಗಾಣಿಯ ನಾಲ್ಕು ಕಪ್ಪು. ಒಂದಕ್ಕೂ ಹಿಡಿಕೆ ಇಲ್ಲ. ಹಿಡಿಕೆ ಮುರಿದು ಒಳಗಿನವರಿಗೆ ಬೇಡವಾದ ಮೇಲೆಯೇ ಅವು ನಮ್ಮ ಪಾಲಿಗೆ ಬರುತ್ತಿದ್ದವು. ನಮ್ಮ ಗಂಡಸರು ಗೂಡಿನಿಂದ ಕಪ್ಪು ತೆಗೆದು, ಕೆಳಗೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಹಿಡಿಯಬೇಕು. ಕರಿಬಸಪ್ಪ ಮೆಟ್ಟಿಲ ಮೇಲೆ ನಿಂತು ಎತ್ತರದಿಂದ ಚಾ ಹೊಯ್ಯುತ್ತಾನೆ. ಕುಡಿದವರು ತಾವೇ ತೊಳೆದು ಗೂಡಿನಲ್ಲಿ ಬೋರಲು ಇಡಬೇಕು. ಅವನ ಗುರಿ ಚೆನ್ನಾಗಿತ್ತು. ಆದರೂ ಆದಪ್ಪನ ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆಗಳಿದ್ದವು.

ಎಂಬತ್ತೆಂಟನೇ ಇಸವಿಯಲ್ಲಿ ಶಾಲೆಯ ಪುಸ್ತಕ ಬದಲಾಯಿತು. ಮಾಸ್ತರರನ್ನು ಲಿಂಗಸೂಗೂರಿಗೆ ತರಬೇತಿಗೆ ಕರೆದರು. ತಿರುಗಿ ಬಂದ ಮಾಸ್ತರರ ಗತ್ತೇ ಬೇರೆ ಇತ್ತು. ಇನ್ನು ಮೇಲೆ ಇತಿಹಾಸವನ್ನು ಬಾಯಿಪಾಠ ಮಾಡಿಸುವಂತಿಲ್ಲವಂತೆ. ಮಕ್ಕಳು ಕಣ್ಣಾರೆ ನೋಡಬೇಕಂತೆ, ಕೈಯಾರೆ ಮುಟ್ಟಬೇಕಂತೆ. ನಾಲ್ಕನೇ ಕ್ಲಾಸಿನ ಪುಸ್ತಕದಲ್ಲಿ ನಮ್ಮ ಪರಂಪರೆ ಅಂತ ಒಂದು ಪಾಠ ಇದೆಯಂತೆ. ಅದಕ್ಕಾಗಿ ಶಾಲೆಯ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಬೇಕಂತೆ.

ಮೊದಲು ಮಕ್ಕಳನ್ನು ಮಸ್ಕಿಗೆ ಅಶೋಕನ ಶಾಸನ ನೋಡಲು ಕರೆದುಕೊಂಡು ಹೋದರು. ನಮ್ಮ ಕೇರಿಯ ಮಕ್ಕಳನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ಅವರ ಸರದಿ ಬರುವ ಹೊತ್ತಿಗೆ ಬಸ್ಸಿನ ವೇಳೆಯಾಯಿತು. ಸಂಜೆ ಬಂದ ಹುಲಿಗೆಮ್ಮನನ್ನು ಏನು ನೋಡಿದೆ ಎಂದು ಕೇಳಿದೆ. "ಮುಂದಿನಾಕಿ ಜಡಿ ನೋಡ್ದೆ" ಎಂದಳು.

ಆಮೇಲೆ ಮನೆ ಮನೆಯಿಂದ ಹಳೆಯ ಸಾಮಾನು ತರಲು ಹೇಳಿದರು. ಹಂಪಣ್ಣ ಗೌಡರು ಅಜ್ಜನ ಕಾಲದ ತುಕ್ಕು ಹಿಡಿದ ಕತ್ತಿ ಕೊಟ್ಟರು. ಗೌಡರ ತಾಯಿ ವೀರಭದ್ರಮ್ಮನವರು ಅತ್ತೆಯ ಹಿತ್ತಾಳೆ ಸಮೆ, ಅಂದರೆ ದೀಪದ ಕಂಬ, ಕೊಟ್ಟರು. ಯಾರೋ ನಿಜಾಮನ ನಾಣ್ಯ ತಂದರು, ಯಾರೋ ಕುದುರೆಯ ಜೀನು ತಂದರು. ಹುಲಿಗೆಮ್ಮನೂ ನಮ್ಮ ಮನೆಯೆಲ್ಲ ಜಾಲಾಡಿದಳು. ಮನೆ ತುಂಬ ಹಳೆಯ ಸಾಮಾನೇ ಇತ್ತು. ಒಳಕಲ್ಲು ನನ್ನ ಅತ್ತೆಯ ಅತ್ತೆಯದು. ಆದರೆ ಅದನ್ನು ಮ್ಯೂಸಿಯಮ್ಮಿಗೆ ಕೊಟ್ಟರೆ ಸಂಜೆ ಖಾರ ಎಲ್ಲಿ ಅರೆಯುವುದು? ನಮ್ಮಲ್ಲಿ ಬಳಕೆ ಬಿಟ್ಟ ವಸ್ತು ಒಂದೂ ಇರಲಿಲ್ಲ. ಅತ್ತೆ ತಿಮ್ಮವ್ವ ಮೂಲೆಯಲ್ಲಿ ಕೂತು, "ಹಳೇದಂದ್ರ ನಾನ ಅದೀನಿ, ನನ್ನ ಒಯ್ಯಿ" ಎಂದಳು. ಹುಡುಗಿ ಬರಿಗೈಯಲ್ಲಿ ಹೋಗಿ ಬೈಸಿಕೊಂಡಳು.

ಮಾಸ್ತರರಿಗೆ ಒಂದು ಚಿಂತೆ ಉಳಿದಿತ್ತು. ಹಳೆಯ ಕಾಲದ ಒಳ್ಳೆಯದನ್ನು ಮಾತ್ರವಲ್ಲ, ಅಳಿದುಹೋದ ಕೆಟ್ಟ ಪದ್ಧತಿಗಳನ್ನೂ ತೋರಿಸಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅಸ್ಪೃಶ್ಯತೆ ಹಿಂದಿನ ಕಾಲದಲ್ಲಿತ್ತು, ಈಗ ಇಲ್ಲ ಎಂದು ಪುಸ್ತಕದಲ್ಲಿ ಬರೆದಿತ್ತು. ಅದಕ್ಕೆ ವಸ್ತು ಎಲ್ಲಿಂದ ತರುವುದು? ಯೋಚನೆ ಮಾಡುತ್ತ ಮಾಸ್ತರರು ಕರಿಬಸಪ್ಪನ ಹೋಟೆಲಿಗೆ ಚಾ ಕುಡಿಯಲು ಹೋದರು. ಒಳಗೆ ಬೆಂಚಿನ ಮೇಲೆ ಕೂತು ಗ್ಲಾಸಿನಲ್ಲಿ ಕುಡಿದರು. ಹೊರಗೆ ಬರುವಾಗ ಗೂಡು ಕಣ್ಣಿಗೆ ಬಿತ್ತು.

ಕರಿಬಸಪ್ಪ ಖುಷಿಯಿಂದ ಕೊಟ್ಟ. ತನ್ನ ಹೋಟೆಲಿನ ಸಾಮಾನು ಮ್ಯೂಸಿಯಮ್ಮಿನಲ್ಲಿ ಇರುತ್ತದೆ ಎಂದರೆ ಯಾರಿಗೆ ಬೇಡ? ಕೊಟ್ಟ ಎಂದರೆ ಬೆರಳು ಮಾಡಿ ತೋರಿಸಿದ. ಅವನು ಅವನ್ನು ಮುಟ್ಟುವುದಿಲ್ಲ. ಮಾಸ್ತರರೂ ಮುಟ್ಟುವುದಿಲ್ಲ. ನನ್ನನ್ನು ಕರೆಸಿದರು. ನಾಲ್ಕನ್ನೂ ಸೆರಗಿನಲ್ಲಿ ಕಟ್ಟಿಕೊಂಡು ನಾನು ಮಾಸ್ತರರ ಹಿಂದೆ ದೂರ ಬಿಟ್ಟು ನಡೆದೆ.

ಮೇಜಿನ ಮೇಲೆ ಇಡಲು ಹೋದರೆ ವೀರಭದ್ರಮ್ಮನವರು ಹೇಳಿ ಕಳಿಸಿದರು. ತಮ್ಮ ಅತ್ತೆ ಪೂಜೆ ಮಾಡಿದ ಸಮೆಯ ಪಕ್ಕ ಆ ಕಪ್ಪು ಇಡುವುದಾದರೆ ಸಮೆ ವಾಪಸು ಕೊಡಿ ಎಂದರು. ಮಾಸ್ತರರ ಹೊಟ್ಟೆನೋವು ಸುರುವಾಯಿತು. ಬಾಗಿಲ ಹಿಂದೆ ಗೋಡೆಯಲ್ಲಿ ಒಂದು ಗೂಡಿತ್ತು. ಕೊನೆಗೆ ಅಲ್ಲಿ ಇಡಿಸಿದರು. ಹೋಟೆಲಿನ ಗೂಡಿನಿಂದ ಹೊರಟು ಅವು ಮ್ಯೂಸಿಯಮ್ಮಿನ ಗೂಡಿಗೆ ಬಂದು ಕೂತವು. ಕೆಳಗೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರು: ಹಿಂದಿನ ಕಾಲದ ಒಂದು ಅನಿಷ್ಟ ಪದ್ಧತಿ. ಈಗ ಇಲ್ಲ. ಮುಂದೆ ಹುಲಿಗೆಮ್ಮ ನನಗೆ ಅಕ್ಷರ ಕಲಿಸಿದ್ದು ಆ ರಟ್ಟಿನಿಂದಲೇ. ನಾನು ಬದುಕಿನಲ್ಲಿ ಮೊದಲು ಓದಿದ ವಾಕ್ಯ ಸುಳ್ಳು ವಾಕ್ಯ.

ಮರುದಿನ ಬೆಳಿಗ್ಗೆ ನಮ್ಮ ಗಂಡಸರು ಹೋಟೆಲಿಗೆ ಹೋದರು. ಗೂಡು ಖಾಲಿ. ಕರಿಬಸಪ್ಪನನ್ನು ಕೇಳಿದರೆ, ನಿಮ್ಮ ಕಪ್ಪು ಸಾಲೆಯಲ್ಲಿವೆ, ನಾನು ತೆಗೆದಿಲ್ಲ, ಸರಕಾರ ತೆಗೆದಿದೆ ಎಂದ. ಒಳಗಿನ ಗ್ಲಾಸಿನಲ್ಲಿ ಕೊಡು ಎಂದು ಯಾರೋ ಸಣ್ಣ ದನಿಯಲ್ಲಿ ಅಂದರು. ಅವನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. ಅವನು ಅಷ್ಟು ಆಶ್ಚರ್ಯಪಟ್ಟಿದ್ದನ್ನು ನೋಡಿ ನಮ್ಮವರಿಗೇ ನಾಚಿಕೆಯಾಯಿತಂತೆ. ಆ ನಾಚಿಕೆ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರು ನಾಚಬೇಕೋ ಅವರು ನಾಚಲಿಲ್ಲ.

ತಲೆನೋವು ಶುರುವಾದದ್ದು ಆಗ. ಗೌಡರ ಹೊಲದಲ್ಲಿ ನಮ್ಮವರು ಬಾವಿ ತೋಡುತ್ತಿದ್ದ ಕಡೆ ಕೆಲಸ ನಿಧಾನವಾಯಿತು. ಆಳುಗಳು ಮೂಲೆ ಹಿಡಿದು ಕೂತಿದ್ದು ಕಂಡು ಹಂಪಣ್ಣ ಗೌಡರು ವಿಚಾರಿಸಿದರು. ವಿಷಯ ತಿಳಿದು ಅವರೇ ಮಾಸ್ತರರ ಹತ್ತಿರ ಹೋದರು. ಇತಿಹಾಸ ಇಟ್ಟುಕೊಳ್ಳಿ, ಆದರೆ ನನ್ನ ಬಾವಿ ನಿಲ್ಲಬಾರದು ಎಂದರು. ಮಾಸ್ತರರು ಯೋಚಿಸಿ ಒಂದು ದಾರಿ ಕಂಡುಹಿಡಿದರು. ಬೆಳಿಗ್ಗೆ ನಾನು ಕಸ ಗುಡಿಸಲು ಬಂದಾಗ ಕಪ್ಪುಗಳನ್ನು ಹೊರಗೆ ಕೊಡಬೇಕು. ನಮ್ಮವರು ಒಯ್ದು ಚಾ ಕುಡಿದು, ತೊಳೆದು, ಶಾಲೆಯ ಗಂಟೆ ಹೊಡೆಯುವುದರೊಳಗೆ ತಂದು ಕೊಡಬೇಕು. ಗಂಟೆ ಹೊಡೆಯುವ ತನಕ ಅವು ಕಪ್ಪು, ಗಂಟೆ ಹೊಡೆದ ಮೇಲೆ ಇತಿಹಾಸ.

ಹೀಗೆ ನಡೆಯಿತು. ನಮ್ಮ ಕೇರಿಯ ಗಂಡಸರು ದಿನಾ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಸಾಲು ನಿಲ್ಲುತ್ತಿದ್ದರು. ಕಪ್ಪು ಇದ್ದವರು ಕುಡಿದು ಬರುವ ತನಕ ಉಳಿದವರು ಕಾಯಬೇಕು. ಕೆಲವು ದಿನ ತಡವಾಗಿ, ಆದಪ್ಪ ಕಪ್ಪು ಎತ್ತಿ ಹಿಡಿದು ಓಡಿ ಬರುತ್ತಿದ್ದ. ಆಗಲೇ ಪ್ರಾರ್ಥನೆ ನಡೆದಿರುತ್ತಿತ್ತು. ಒಮ್ಮೆ ಅವಸರದಲ್ಲಿ ತೊಳೆಯದೆ ತಂದ, ತಳದಲ್ಲಿ ಚಾ ಉಳಿದ ಕಪ್ಪನ್ನು ನಾನು ಹಾಗೇ ಗೂಡಿನಲ್ಲಿ ಇಟ್ಟೆ. ಪಾಠ ಮಾಡುತ್ತ ಮಾಸ್ತರರು ಕೋಲಿನಿಂದ ಗೂಡು ತೋರಿಸಿ, ನೋಡಿರಿ ಮಕ್ಕಳೇ, ಇದು ಬಹಳ ಹಿಂದಿನ ಕಾಲದ್ದು ಎಂದರು. ಕಪ್ಪಿನಿಂದ ಇನ್ನೂ ಹಬೆ ಏಳುತ್ತಿತ್ತು. ಒಂದು ಮಗುವೂ ಪ್ರಶ್ನೆ ಕೇಳಲಿಲ್ಲ. ಹೊಸ ಪುಸ್ತಕ ಬಂದರೂ ಪ್ರಶ್ನೆ ಕೇಳುವ ಪದ್ಧತಿ ಇನ್ನೂ ಬಂದಿರಲಿಲ್ಲ.

ಒಂದು ಸಂಜೆ ಹುಲಿಗೆಮ್ಮ ಮನೆಯಲ್ಲಿ ಆ ಪಾಠ ಓದುತ್ತಿದ್ದಳು. ಆದಪ್ಪ ಅದರಲ್ಲಿ ಏನಿದೆ ಎಂದು ಕೇಳಿದ. ಕಪ್ಪಿನ ಪದ್ಧತಿ ಹೋಯಿತು ಎಂದು ಇದೆ ಎಂದಳು. "ಎಲ್ಲಿಗೆ ಹೋಗ್ಯಾದಂತ?" ಎಂದು ಕೇಳಿದ. ಅದು ಪುಸ್ತಕದಲ್ಲಿ ಇಲ್ಲ ಎಂದಳು. ಅವನು ಹೊಟ್ಟೆ ಹಿಡಿದು ನಕ್ಕ. ನಾವೆಲ್ಲ ನಕ್ಕೆವು. ಆಗ ಇನ್ನೂ ನಗು ಬರುತ್ತಿತ್ತು.

ಮರುವರ್ಷ ಮೇಲಿನಿಂದ ಒಬ್ಬ ಸಾಹೇಬರು ಮ್ಯೂಸಿಯಂ ನೋಡಲು ಬರುತ್ತಾರೆ ಎಂದಾಯಿತು. ಮಾಡಿ ತೋರಿಸಿ ಕಲಿಸಬೇಕು ಎನ್ನುವುದು ಹೊಸ ಪಾಠದ ಕ್ರಮ. ಕಪ್ಪನ್ನು ತೋರಿಸಿದರೆ ಸಾಲದು, ಹಿಂದಿನ ಕಾಲದಲ್ಲಿ ಹೇಗೆ ಕುಡಿಯುತ್ತಿದ್ದರು ಎಂದು ಮಾಡಿ ತೋರಿಸಬೇಕು ಎಂದು ಮಾಸ್ತರರು ನಿಶ್ಚಯಿಸಿದರು. ಹಿಂದಿನ ಕಾಲದವನ ಪಾತ್ರಕ್ಕೆ ಆದಪ್ಪನನ್ನು ಆರಿಸಿದರು. ಹೊಯ್ಯುವವನ ಪಾತ್ರಕ್ಕೆ ಕರಿಬಸಪ್ಪ ತಾನೇ ಬರುತ್ತೇನೆ ಎಂದ.

ಆದಪ್ಪ ಬೇಡ ಎನ್ನಲಿಲ್ಲ. ನನ್ನ ಕಾಯಂ ಅವನ ಕಣ್ಣ ಮುಂದಿತ್ತು. ಸಾಹೇಬರು ಬರುತ್ತಾರೆ ಎಂದು ಒಗೆದ ಅಂಗಿ ಹಾಕಿಕೊಂಡು ಬಂದ. ಮಾಸ್ತರರು ಅವನನ್ನು ಮೇಲೆ ಕೆಳಗೆ ನೋಡಿ, ಹಿಂದಿನ ಕಾಲದವರಿಗೆ ಅಂಗಿ ಇರಲಿಲ್ಲ, ಬಿಚ್ಚು ಎಂದರು. ಬಿಚ್ಚಿದ. ಧೋತರ ಮೊಣಕಾಲ ಮೇಲೆ ಕಟ್ಟು ಎಂದರು. ಕಟ್ಟಿದ. ಶಾಲೆಯ ಅಂಗಳದ ನಡುವೆ ಕುಕ್ಕುರುಗಾಲಲ್ಲಿ ಕೂರಿಸಿದರು. ಮಕ್ಕಳು ಸುತ್ತ ನಿಂತರು. ಹುಲಿಗೆಮ್ಮ ಮುಂದಿನ ಸಾಲಿನಲ್ಲಿ ಇದ್ದಳು. ಆವತ್ತು ಮಾತ್ರ ನಮ್ಮ ಕೇರಿಯ ಮಕ್ಕಳನ್ನು ಮುಂದೆ ನಿಲ್ಲಿಸಿದ್ದರು.

ಕರಿಬಸಪ್ಪ ಕುರ್ಚಿಯ ಮೇಲೆ ಹತ್ತಿ ಕೆಟಲ್ ಎತ್ತಿ ಹೊಯ್ದ. ದಿನಾ ಹೊಯ್ಯುವುದಕ್ಕಿಂತ ಎತ್ತರದಿಂದ ಹೊಯ್ದ. ಚಾ ಆದಪ್ಪನ ಕೈಮೇಲೆ ಬಿತ್ತು. ಅವನು ಕಪ್ಪು ಬಿಡಲಿಲ್ಲ. ಕುಡಿದ. ತೊಳೆದ. ಬೋರಲು ಇಟ್ಟು ಕೈ ಮುಗಿದ. ಸಾಹೇಬರು ಬಹಳ ಮೆಚ್ಚಿದರು. ಮೊದಲು ಅವರು ಚಪ್ಪಾಳೆ ತಟ್ಟಿದರು, ಆಮೇಲೆ ಮಕ್ಕಳೆಲ್ಲ ತಟ್ಟಿದರು. ಈಗ ನಿಮ್ಮೂರಲ್ಲಿ ಹೀಗೆ ಇದೆಯಾ ಮಕ್ಕಳೇ ಎಂದು ಸಾಹೇಬರು ಕೇಳಿದರು. ಇಲ್ಲ ಸಾರ್ ಎಂದು ಎಲ್ಲರೂ ರಾಗವಾಗಿ ಹೇಳಿದರು. ಹುಲಿಗೆಮ್ಮ ನೆಲ ನೋಡುತ್ತಿದ್ದಳು. ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರೂ ಇದ್ದರು, ಆದಪ್ಪನೂ ಇದ್ದ, ಅಂಗಿ ಇಲ್ಲದೆ.

ಆ ದಿನ ಮನೆಗೆ ಬಂದು ಅವನು ಅನ್ನ ಮುಟ್ಟಲಿಲ್ಲ. ಕೈಗೆ ಎಣ್ಣೆ ಹಚ್ಚಲು ಹೋದರೆ ಕೈ ಎಳೆದುಕೊಂಡ. ನನಗೆ ಹೆದರಿಕೆಯಾಯಿತು. ದೀಪ ಆರಿಸಿದ ಮೇಲೆ ಹೇಳಿದ.

"ಹುಟ್ಟಿದಾಗಿಂದ ಹಂಗ ಕುಡಿಯಾಕತ್ತೀನಿ. ಒಂದ ದಿನಾನೂ ಏನೂ ಅನ್ನಿಸಿದ್ದಿಲ್ಲ. ಇವತ್ತ ಚಪ್ಪಾಳಿ ಹೊಡದ್ರಲ, ಆವಾಗ ಗೊತ್ತಾತು ನಂಗ, ನಾ ಏನ ಮಾಡಾಕತ್ತೀನಿ ಅಂತ."

ಮರುದಿನ ಅವನು ಗೇಟಿನ ಮುಂದೆ ಸಾಲಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ತಲೆನೋವು ಬಂತು, ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ಹೋದ. ಅವನನ್ನು ನೋಡಿ ಅವನ ತಮ್ಮ ಬಿಟ್ಟ, ಎದುರು ಮನೆಯ ನರಸಣ್ಣ ಬಿಟ್ಟ. ಭತ್ತದ ನಾಟಿಯ ಕಾಲಕ್ಕೆ ಆದಪ್ಪ ಸಿಂಧನೂರಿನ ಕಡೆ ಕಾಲುವೆಯ ಹೊಲಗಳಿಗೆ ಕೂಲಿಗೆ ಹೋದ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಹೊಕ್ಕನಂತೆ. ಯಾರೂ ಯಾವ ಊರು, ಯಾವ ಕೇರಿ ಎಂದು ಕೇಳಲಿಲ್ಲ. ಗಾಜಿನ ಗ್ಲಾಸು ತಂದು ಮುಂದೆ ಇಟ್ಟರು. ಕುಡಿದು ಇನ್ನೊಂದು ತರಿಸಿಕೊಂಡನಂತೆ. ಎರಡನೆಯದು ಆಸೆಗಲ್ಲ, ಖಾತ್ರಿ ಮಾಡಿಕೊಳ್ಳಲು. ಊರಿಗೆ ಬಂದು ಇದನ್ನು ಕೇರಿಗೆಲ್ಲ ಹೇಳಿದ. ಆಮೇಲೆ ಒಬ್ಬರೂ ಕಪ್ಪು ಕೇಳಲು ಶಾಲೆಗೆ ಬರಲಿಲ್ಲ.

ನಷ್ಟ ಕರಿಬಸಪ್ಪನಿಗೆ ಆಯಿತು. ನಸುಕಿನಲ್ಲಿ ಅವನ ಹೋಟೆಲಿಗೆ ಬರುತ್ತಿದ್ದವರು ನಮ್ಮವರೇ. ಉಳಿದವರು ಎದ್ದು ಮುಖ ತೊಳೆಯುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಬೇರೆ ಮುರುಕಲು ಕಪ್ಪು ತಂದು ಗೂಡಿನಲ್ಲಿ ಇಟ್ಟು ಕರೆದ. ನಮ್ಮ ಕಪ್ಪು ಸಾಲೆಯಲ್ಲಿವೆ ಎಂದು ನೀನೇ ಹೇಳಿದ್ದೆ, ಬೇರೆಯದರಲ್ಲಿ ನಾವು ಕುಡಿಯುವುದಿಲ್ಲ ಎಂದು ನರಸಣ್ಣ ಹೇಳಿ ಬಂದ. ಕರಿಬಸಪ್ಪ ಮಾಸ್ತರರ ಹತ್ತಿರ ದೂರು ಒಯ್ದ. ನಿಮ್ಮ ಮ್ಯೂಸಿಯಮ್ಮಿನಿಂದ ನನ್ನ ವ್ಯಾಪಾರ ಹಾಳಾಯಿತು ಎಂದ. ಮಾಸ್ತರರು ಹೊಟ್ಟೆ ಹಿಡಿದುಕೊಂಡು, ಪುಸ್ತಕ ಬದಲಾಗುವ ತನಕ ತಡೆದುಕೋ ಎಂದರು.

ಅವರ ಬಾಯಿ ಹರಕೆಯೋ ಏನೋ, ತೊಂಬತ್ತೊಂದರಲ್ಲಿ ಪುಸ್ತಕ ಮತ್ತೆ ಬದಲಾಯಿತು. ಮಾಸ್ತರರು ಮತ್ತೆ ತರಬೇತಿಗೆ ಹೋಗಿ ಬಂದರು. ನಮ್ಮ ಪರಂಪರೆ ಪಾಠ ತೆಗೆದಿದ್ದರು. ಮಕ್ಕಳಿಗೆ ಹೊರೆಯಾಗುತ್ತದಂತೆ. ಈಗ ಲೆಕ್ಕ ಮತ್ತು ವಿಜ್ಞಾನ ಮುಖ್ಯವಂತೆ. ಅದಕ್ಕೆ ಸಾಮಾನಿನ ಪೆಟ್ಟಿಗೆಗಳು ಬರುತ್ತವೆ, ಮ್ಯೂಸಿಯಂ ಕೋಣೆಯನ್ನು ಅವಕ್ಕೆ ಕೊಡಬೇಕು. ಒಳಗಿರುವ ಒಂದೊಂದು ವಸ್ತುವನ್ನೂ ಅದರ ವಾರಸುದಾರರಿಗೆ ವಾಪಸು ಕೊಡಬೇಕು. ಕೋಣೆ ಪೂರ್ತಿ ಖಾಲಿಯಾದ ಮೇಲೆಯೇ ಪೆಟ್ಟಿಗೆ ಬಿಚ್ಚಬೇಕು. ಇದು ಹುಕುಂ.

ಹಂಪಣ್ಣ ಗೌಡರ ಆಳು ಬಂದು ಕತ್ತಿ ಒಯ್ದ. ವೀರಭದ್ರಮ್ಮನವರು ಸಮೆಯನ್ನು ಹುಣಸೆಹಣ್ಣು ಹಚ್ಚಿ ತೊಳೆಸಿ ಮನೆಗೆ ಒಯ್ಯಿಸಿದರು, ಒಂದೇ ಕೋಣೆಯ ಗಾಳಿ ತಾಗಿತ್ತಲ್ಲ. ನಾಣ್ಯ ಹೋಯಿತು, ಜೀನು ಹೋಯಿತು. ಮೇಜು ಖಾಲಿಯಾಯಿತು. ಬಾಗಿಲ ಹಿಂದೆ ಗೂಡಿನಲ್ಲಿ ನಾಲ್ಕು ಕಪ್ಪು ಉಳಿದವು.

ನಾನು ಕಸ ಗುಡಿಸುತ್ತಿದ್ದೆ. ಮಾಸ್ತರರು ಬಾಗಿಲಲ್ಲಿ ನಿಂತು, ಹುಸೇನಮ್ಮ, ಅವನ್ನು ಕರಿಬಸಪ್ಪನ ಗೂಡಿನಲ್ಲಿ ಇಟ್ಟು ಬಾ ಎಂದರು. ಎಂದಿನಂತೆ ಹೇಳಿದರು, ಕಸದ ಬುಟ್ಟಿ ಎತ್ತು ಎನ್ನುವ ಹಾಗೆ.

ನಾನು ಪೊರಕೆ ನಿಲ್ಲಿಸಿದೆ. ಆ ಕಪ್ಪುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದವಳು ನಾನು. ದಿನಾ ಹೊರಗೆ ಕೊಟ್ಟು ಮತ್ತೆ ಒಳಗೆ ಇಟ್ಟವಳು ನಾನು. ಈಗ ನಾನೇ ಒಯ್ದು ಆ ಗೂಡಿನಲ್ಲಿ ಇಟ್ಟರೆ, ಕಪ್ಪು ಸಾಲೆಯಲ್ಲಿವೆ ಎನ್ನುವ ನೆಪ ಹೋಗಿ, ನಾಳೆ ಬೆಳಿಗ್ಗೆ ಹೋಟೆಲಿನ ಮುಂದೆ ಕುಕ್ಕುರುಗಾಲಲ್ಲಿ ಕೂರುವವನು ನನ್ನ ಗಂಡ. ಅವನು ಎರಡು ವರ್ಷ ತಲೆಗೆ ಬಟ್ಟೆ ಬಿಗಿದುಕೊಂಡು ಗಳಿಸಿದ್ದನ್ನು ನನ್ನ ಕೈಯಿಂದಲೇ ಕಳೆಸುತ್ತಾರೆ.

"ಒಯ್ಯಂಗಿಲ್ರಿ" ಎಂದೆ.

ಅವರಿಗೆ ಕೇಳಿಸಲಿಲ್ಲ ಎನ್ನಿಸುತ್ತದೆ. ಆ ಮಾತು ನನ್ನ ಬಾಯಿಂದ ಅವರು ಯಾವತ್ತೂ ಕೇಳಿರಲಿಲ್ಲ. ಇನ್ನೊಮ್ಮೆ ಹೇಳಿದೆ. ಪುಸ್ತಕ ಬದಲಾಗಿದೆ, ನಾನೇನು ಮಾಡಲಿ ಎಂದರು. ಕಾಯಂ ಆಗುವ ಕಾಲಕ್ಕೆ ತಕರಾರು ತೆಗೆಯಬೇಡ, ಈ ವರ್ಷ ಖಂಡಿತ ಆಗುತ್ತದೆ ಎಂದರು. ಹುಲಿಗೆಮ್ಮ ಏಳನೆಯದರಲ್ಲಿದ್ದಾಳೆ, ಬರುವ ವರ್ಷ ಹೈಸ್ಕೂಲು ಎಂದು ನೆನಪು ಮಾಡಿಕೊಟ್ಟರು. ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

"ಕತ್ತಿ ಗೌಡ್ರ ಅಜ್ಜಂದಿತ್ತು, ಅವರ ಮನಿಗೆ ಹೋತು. ಸಮೆ ಅವ್ವಾರ ಅತ್ತೀದಿತ್ತು, ಅವರ ಮನಿಗೆ ಹೋತು. ಈ ಕಪ್ಪು ಯಾರ ಅಜ್ಜ ಇಟ್ಟಿದ್ದರಿ? ಅವರ ಮೊಮ್ಮಕ್ಕಳು ಬಂದು ಒಯ್ಯಲಿ."

ಮಾಸ್ತರರು ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದರು. ನರಸಣ್ಣನನ್ನು ಕರೆಸಿದರು, ಅವನು ಬೆನ್ನು ನೋವು ಎಂದ. ಆದಪ್ಪನ ತಮ್ಮನನ್ನು ಕರೆಸಿದರು, ಅವನಿಗೂ ಬೆನ್ನು ನೋವು. ತಿಮ್ಮವ್ವನನ್ನೂ ಕರೆಸಿದರು. ಅವಳು ಕಪ್ಪುಗಳ ಮುಂದೆ ನಿಂತು, ಇಷ್ಟು ದೊಡ್ಡ ಸಾಮಾನು ಎತ್ತುವ ಶಕ್ತಿ ತನಗೆ ಇಲ್ಲ ಎಂದಳು. ಕೇರಿಗೆ ಕೇರಿಯೇ ಬೆನ್ನು ನೋವಿನಿಂದ ಮಲಗಿತು. ಹಾರೆ ಹಿಡಿದು ಕೂಲಿಗೆ ಮಾತ್ರ ಎಲ್ಲರೂ ಹೋಗುತ್ತಿದ್ದರು.

ಬೇರೆಯವರು ಎತ್ತುವಂತಿಲ್ಲ. ಗೌಡರ ಆಳು ಕುರುಬರವನು, ಎತ್ತುವುದಿಲ್ಲ ಎಂದ. ಕರಿಬಸಪ್ಪ ಗೂಡಿನಲ್ಲಿ ತಂದಿಟ್ಟರೆ ಬೇಡ ಎನ್ನುವುದಿಲ್ಲ, ಆದರೆ ತಾನು ಬಂದು ಒಯ್ಯಲು ಅವು ತನ್ನವಲ್ಲ ಎಂದ. ಅಷ್ಟರಲ್ಲಿ ಲಿಂಗಸೂಗೂರಿನಿಂದ ಪೆಟ್ಟಿಗೆಗಳು ಬಂದವು. ಕೋಣೆ ಖಾಲಿ ಇಲ್ಲದ್ದರಿಂದ ಪಡಸಾಲೆಯಲ್ಲಿ ಇಟ್ಟರು. ಮಳೆ ಬಂತು, ಪೆಟ್ಟಿಗೆ ನೆನೆದವು. ವಿಜ್ಞಾನವೆಲ್ಲ ಹೊರಗೆ ನೆನೆಯುತ್ತ ಕೂತಿತು, ನಾಲ್ಕು ಕಪ್ಪು ಒಳಗೆ ಬೆಚ್ಚಗೆ ಕೂತಿದ್ದವು. ಮಾಸ್ತರರು ಒಂದು ದಿನ ಉದ್ದನೆಯ ಬಿದಿರು ತಂದು ಗೂಡಿನ ಮುಂದೆ ನಿಂತದ್ದನ್ನು ನಾನು ಕಂಡೆ. ಬಿದಿರಿನ ತುದಿ ಕಪ್ಪಿಗೆ ತಾಗಿದರೆ ಮೈಲಿಗೆ ಬಿದಿರಿಗೆ ಮಾತ್ರವೋ ಕೈ ತನಕ ಬರುತ್ತದೋ ಎಂದು ಅವರಿಗೆ ತಿಳಿಯಲಿಲ್ಲವೆನ್ನಿಸುತ್ತದೆ. ಬಿದಿರು ಮೂಲೆಗೆ ಇಟ್ಟು ಹೋದರು.

ಪೆಟ್ಟಿಗೆ ನೆನೆದ ಸುದ್ದಿ ಹೋಗಿ ಅದೇ ಸಾಹೇಬರು ಜೀಪಿನಲ್ಲಿ ಬಂದರು. ಗೌಡರೂ ಬಂದರು, ಕರಿಬಸಪ್ಪನೂ ಬಂದ. ಆದಪ್ಪ, ನರಸಣ್ಣ ಗೇಟಿನ ಹತ್ತಿರ ನಿಂತರು. ಮಕ್ಕಳು ಕಿಟಕಿಗೆ ಜೋತುಬಿದ್ದರು. ಖಾಲಿ ಕೋಣೆಯಲ್ಲಿ ನಾಲ್ಕು ಕಪ್ಪು ನೋಡಿ ಸಾಹೇಬರಿಗೆ ಸಿಟ್ಟು ಬಂತು.

"ಯಾರವು ಇವು?" ಎಂದರು.

ಹೋಟೆಲಿನವನವು ಎಂದು ಮಾಸ್ತರರು ಹೇಳಿದರು. ನಾನು ಎಂದೋ ಸರಕಾರಕ್ಕೆ ಕೊಟ್ಟಿದ್ದೇನೆ, ನನ್ನವಲ್ಲ ಎಂದು ಕರಿಬಸಪ್ಪ ಹೇಳಿದ. ಸಾಹೇಬರು ಗೌಡರ ಕಡೆ ನೋಡಿದರು. ಗೌಡರು ನಕ್ಕು, ನಮ್ಮ ಮನೆಯಲ್ಲಿ ಹಿಡಿಕೆ ಇಲ್ಲದ ಕಪ್ಪು ಇಲ್ಲ ಎಂದರು. ಶಾಲೆಯವಾ ಎಂದರೆ ಅಲ್ಲ ಎಂದು ಮಾಸ್ತರರು ಗಾಬರಿಯಾದರು. ಇಲಾಖೆಯವಂತೂ ಅಲ್ಲ ಎಂದು ಸಾಹೇಬರೇ ಹೇಳಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಹಾಗಾದರೆ ಇವು ನಿಮ್ಮವೇ, ತೆಗೆದುಕೊಂಡು ಹೋಗು ಎಂದರು ಸಾಹೇಬರು.

"ನಾವು ಬರೇ ಕುಡದೀವ್ರಿ" ಎಂದೆ. "ಇಟ್ಟವರು ಯಾರು, ಅವರನ್ನ ಕೇಳ್ರಿ."

ಇದೆಂಥ ಹುಚ್ಚಾಟ, ಯಾರು ಎತ್ತಿದರೇನು ಎಂದು ಸಾಹೇಬರು ತಾವೇ ಮುಂದೆ ಹೋಗಿ ಗೂಡಿಗೆ ಕೈ ಚಾಚಿದರು. ಆಗ ಕೆಳಗಿನ ರಟ್ಟು ಅವರ ಕಣ್ಣಿಗೆ ಬಿತ್ತು. ಕೈ ಅಲ್ಲೇ ನಿಂತಿತು. ಗೌಡರು ನೋಡುತ್ತಿದ್ದರು, ಮಧ್ಯಾಹ್ನದ ಊಟ ಗೌಡರ ಮನೆಯಲ್ಲಿತ್ತು.

"ತಗೋರಿ ಸಾಹೇಬ್ರ" ಎಂದೆ. "ಈಗ ಆ ಪದ್ಧತಿ ಇಲ್ಲಲ್ರಿ."

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. ಆ ಕೈ ಏನನ್ನೂ ಮುಟ್ಟಿರಲಿಲ್ಲ. ಆದರೂ ಕರವಸ್ತ್ರ ತೆಗೆದು ಒರೆಸಿಕೊಂಡರು. ಕೋಣೆಗೆ ಕೀಲಿ ಹಾಕಿ ಎಂದು ಹೇಳಿ ಜೀಪು ಹತ್ತಿದರು. ಆದಪ್ಪ ಗೇಟಿನಲ್ಲಿ ಅಂಗಿ ತೊಟ್ಟು ನಿಂತಿದ್ದ. ಜೀಪಿಗೆ ದಾರಿ ಬಿಡಲು ಅವನು ಅವಸರ ಮಾಡಲಿಲ್ಲ.

ಮರುದಿನ ಮಾಸ್ತರರು ನನ್ನನ್ನು ಕೆಲಸದಿಂದ ತೆಗೆದರು. ವಸ್ತುಗಳನ್ನು ವಾರಸುದಾರರಿಗೆ ತಲುಪಿಸಲಿಲ್ಲ, ಅದಕ್ಕೆ ಎಂದರು. ವಾರಸುದಾರರು ಯಾರು ಎಂದು ಹೇಳಿ ತೆಗೆಯಿರಿ ಎಂದೆ. ಅವರು ಮುಖ ಆ ಕಡೆ ಮಾಡಿ, "ಅದನ್ನ ಹೇಳಾಕ ಬರಂಗಿಲ್ಲವ್ವ" ಎಂದರು. ಪೊರಕೆಯನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ.

ನನ್ನ ಜಾಗಕ್ಕೆ ನಮ್ಮ ಕೇರಿಯಿಂದ ಯಾರೂ ಹೋಗಲಿಲ್ಲ. ನಾವು ಸಿಂಧನೂರಿಗೆ ಬಂದೆವು. ಹೆಸರಿಗೆ ಪೇಟೆ, ನಮಗೆ ಅದೇ ಕೆಸರು. ದಿನವಿಡೀ ನೀರಿನಲ್ಲಿ ನಿಂತು ನಾಟಿ ಹಚ್ಚಿ ಕಾಲಬೆರಳ ಸಂದಿ ಕೊಳೆಯುತ್ತದೆ, ಬೆನ್ನು ಮತ್ತೆ ಬಗ್ಗಿತು. ಹುಲಿಗೆಮ್ಮ ಇಲ್ಲಿಯೇ ಹೈಸ್ಕೂಲಿಗೆ ಹೋಗುತ್ತಾಳೆ. ಊರಿನಿಂದ ಬಂದವರನ್ನು ಆ ಕೋಣೆಯ ಸುದ್ದಿ ಕೇಳುತ್ತೇನೆ. ಕೀಲಿ ಇನ್ನೂ ಹಾಗೇ ಇದೆಯಂತೆ. ವಾರಸುದಾರರು ಸಿಕ್ಕಿಲ್ಲವಂತೆ. ಊರ ತುಂಬ ಇದ್ದಾರೆ, ಒಬ್ಬರೂ ನಾನು ಎನ್ನುವುದಿಲ್ಲ.